ಮೂರ್ತಿಗೆ ಯಾವ ಪಾತ್ರೆಯ ಉಂಡೆ

ಮೂರನೆಯ ಸೀಟಿ, ಅಲ್ಲ, ನಾಲ್ಕನೆಯದು, ಇರಲಿ, ಕುಕ್ಕರಿನ ಸೀಟಿ ಎಣಿಸಿಕೊಂಡು ಅಡುಗೆ ಮಾಡುವವರು ಬೇರೆ, ನಾನು ಬೇರೆ, ಆಲೂಗಡ್ಡೆ ಬೆಂದಿದೆಯೋ ಇಲ್ಲವೋ ಎಂದು ವಾಸನೆಯಲ್ಲೇ ಹೇಳಬಲ್ಲವನು ಇಡೀ ಶಿವಮೊಗ್ಗದಲ್ಲಿ ನಾನೊಬ್ಬನೇ, ವಿನೋಬನಗರದ ಈ ಅಡುಗೆಮನೆಯಲ್ಲಿ ನಿಂತು ಸವಳಂಗ ರಸ್ತೆಯ ಯಾವ ಮನೆಯ ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ಬೇಕಾದರೂ ಹೇಳುತ್ತೇನೆ — ಆರಿಸಿಬಿಡಲೇ, ಬೇಡ, ಇನ್ನೊಂದು ಬರಲಿ, ರಾತ್ರಿ ಊಟಕ್ಕೆ ಬರುವ ಮೂರ್ತಿಗೆ ಹಲ್ಲಿಲ್ಲ, ಉಳಿದಿದ್ದ ಆರನ್ನೂ ಹೋದ ತಿಂಗಳು ಕಿತ್ತು ಹಾಕಿದ್ದಾರೆ, ಆಲೂಗಡ್ಡೆ ಬೆಣ್ಣೆಯ ಹಾಗೆ ಆಗಬೇಕು, ನಾಲಿಗೆಯೊಂದಿದ್ದರೆ ಸಾಕು ಅನ್ನುವ ಹಾಗೆ, ಬಿಸಿ ಇರುವಾಗಲೇ ಸಿಪ್ಪೆ ಸುಲಿದು, ಹಾಲು ಬೆಣ್ಣೆ ಹಾಕಿ, ಮೆಣಸಿನ ಪುಡಿ ಉದುರಿಸಿ, ಮಸೆದು ಮಸೆದು ಒಂದು ಗಂಟೂ ಉಳಿಯದ ಹಾಗೆ, ಇದನ್ನು ಭದ್ರಾವತಿಯ ಕಾರ್ಖಾನೆ ಕ್ಯಾಂಟೀನಿನಲ್ಲಿ ಹೊರದೇಶದ ಇಂಜಿನಿಯರನೊಬ್ಬನಿಗೆ ಮಾಡಿ ಹಾಕಿದಾಗ ಅವನು ತಟ್ಟೆ ಹಿಡಿದುಕೊಂಡು ಅತ್ತುಬಿಟ್ಟ, ನಮ್ಮ ತಾಯಿಯೂ ಹೀಗೆ ಮಾಡಿರಲಿಲ್ಲ ಅಂದ, ಅಂದರೆ, ಗುಡ್ ಅಂದ, ಅಷ್ಟೇ ಅಂದದ್ದು, ಆದರೆ ಅನ್ನುವಾಗ ಅವನ ಕಣ್ಣು ಒದ್ದೆಯಾಗಿತ್ತು, ಮೆಣಸು ಜಾಸ್ತಿಯಾಗಿತ್ತೋ ಏನೋ. ಹತ್ತು ಸಾವಿರ ಜನಕ್ಕೆ ಬೇಯಿಸಿದ ಕೈ ಇದು. ಸರಿ, ಆರುನೂರು. ಜನರಲ್ ಶಿಫ್ಟಿಗೆ ಆರುನೂರು. ಹಾಲ್‌ನಿಂದ ಜಲಜ ಕೂಗುತ್ತಾಳೆ, ಟಿವಿಯ ಸದ್ದು ತಗ್ಗಿಸಿ, ರೀ, ಉಪ್ಪು ನೋಡಿದ್ರಾ, ನೋಡಿದೆ ಕಣೇ, ಯಾವ್ದರದ್ದು ನೋಡಿದ್ರಿ, ಅನ್ನುತ್ತಾಳೆ, ಆ ಪ್ರಶ್ನೆಗೆ ಮಾತ್ರ ನಾನು ಉತ್ತರ ಕೊಡುವುದಿಲ್ಲ.

ಯಾಕೆಂದರೆ ಒಲೆಯ ಮೇಲೆ ಎರಡು ಪಾತ್ರೆ ಇವೆ. ಎಡಗಡೆಯದರಲ್ಲಿ ಕೈಮಾ ಉಂಡೆ, ಕುರಿಯದು, ಬೆಳಿಗ್ಗೆ ಆತಿಫ್‌ನ ಅಂಗಡಿಯಿಂದ ತಂದದ್ದು, ಎಷ್ಟು ಜನಕ್ಕೆ ಚಾಚಾ ಅಂದ, ಐವತ್ತು ಜನಕ್ಕೆ ಅಂದೆ, ಅರ್ಧ ಕೇಜಿಲಿ ಐವತ್ತು ಜನನಾ, ಇರುವೆಗಳಿಗಾ ಚಾಚಾ ಅಂತ ನಕ್ಕು ಎರಡು ಸಲ ಮಿಷನ್‌ಗೆ ಹಾಕಿ ಕೊಟ್ಟ. ಬಲಗಡೆಯ ಪಾತ್ರೆಯಲ್ಲಿರುವುದು ಬಾಳೆಕಾಯಿ ಉಂಡೆ. ನೋಡುವುದಕ್ಕೆ ಎರಡೂ ಒಂದೇ, ಅದೇ ಹುರಿಗಡಲೆ ಪುಡಿ, ಅದೇ ಚಕ್ಕೆ ಲವಂಗ ಗಸಗಸೆ, ಅದೇ ಕಂದು ಬಣ್ಣದ ಸಾರು, ಬಾಳೆಕಾಯಿಯ ಸಿಪ್ಪೆಯನ್ನೂ ಎಸೆಯದೆ ಸಣ್ಣಗೆ ಕೊಚ್ಚಿ ಎಣ್ಣೆಯಲ್ಲಿ ಹುರಿದು ಸೇರಿಸಬೇಕು, ಆಗ ಬಾಯಿಗೆ ಎಳೆ ಎಳೆಯಾಗಿ ಸಿಗುತ್ತದೆ, ಮಾಂಸವೇ ಅನ್ನಬೇಕು, ಈ ಉಪಾಯ ನನ್ನದೇ ಎಂದು ನಾನು ಜಿಲ್ಲೆಗೆಲ್ಲ ಹೇಳಿಕೊಂಡು ಬಂದಿದ್ದೇನೆ, ಜಲಜಳದ್ದು. ಉಂಡೆಯನ್ನು ಕುದಿಯುವ ಸಾರಿಗೆ ಒಮ್ಮೆಗೇ ಸುರಿಯುವವನು ಅಡುಗೆಯವನೇ ಅಲ್ಲ, ಮೊದಲು ಒಂದನ್ನು ಬಿಡಬೇಕು, ಒಂದೇ ಒಂದು, ಅದು ಒಡೆಯದೆ ತೇಲಿ ಬಂದರೆ ಉಳಿದವು, ಬಿಟ್ಟ ಮೇಲೆ ಸೌಟು ಹಾಕಬಾರದು, ಪಾತ್ರೆಯ ಎರಡೂ ಕಿವಿ ಬಟ್ಟೆಯಲ್ಲಿ ಹಿಡಿದು ಅಲ್ಲಾಡಿಸಬೇಕು, ಹೀಗೆ, ತೊಟ್ಟಿಲು ತೂಗಿದ ಹಾಗೆ, ಎಡದ್ದನ್ನು ತೂಗಿದೆ, ಈಗ ಬಲದ್ದು. ಗಡಿಯಾರದಲ್ಲಿ ಆರೂಮುಕ್ಕಾಲು. ಏಳೂವರೆಗೆ ಬರುತ್ತಾನೆ. ಅಷ್ಟರೊಳಗೆ ಯಾವುದನ್ನು ಬಡಿಸುವುದು ಎಂದು ನಿರ್ಧಾರವಾಗಬೇಕು, ಬೆಳಿಗ್ಗೆಯಿಂದ ಸಾವಿರ ಸಲ ನಿರ್ಧಾರ ಮಾಡಿದ್ದೇನೆ.

ಅವನೇ ಕೇಳಿದ್ದು. ಸವಳಂಗ ರಸ್ತೆಯಲ್ಲಿ ಹಲ್ಲಿನ ಕ್ಲಿನಿಕ್ಕಿನ ಮೆಟ್ಟಿಲು ಇಳಿಯುತ್ತಿದ್ದ, ಕೆನ್ನೆ ಒಳಕ್ಕೆ ಹೋಗಿ, ನಾನು ಗುರುತು ಹಿಡಿಯುವುದಕ್ಕೆ ಮೊದಲೇ ಅವನು ಹಿಡಿದ, ಏನೋ ಕೆಂಚಪ್ಪಾ, ಇನ್ನೂ ಬದುಕಿದೀಯಾ ಮಾರಾಯ ಅಂದ, ಇಪ್ಪತ್ತೆಂಟು ವರ್ಷದ ಮೇಲೆ ಮೊದಲ ಮಾತು ಅದು, ನಾನು ಬಿಡುತ್ತೇನೆಯೇ, ಬದುಕಿದೀನಾ ಅಂತ ಯಾಕೆ ಕೇಳ್ತೀಯ, ಯಮನೇ ನನ್ನ ಕೈ ಊಟ ತಿಂದು ಇನ್ನೊಂದಷ್ಟು ವರ್ಷ ಅಡುಗೆ ಮಾಡ್ಕೊಂಡಿರು ಅಂತ ಬಿಟ್ಟು ಹೋದ ಅಂದೆ. ನಕ್ಕ. ಬೋಳು ಬಾಯಿಯ ನಗು. ಮಗಳು ಬಿಂದುಶ್ರೀಗೆ ಇಲ್ಲೇ ಕಾಲೇಜಿನಲ್ಲಿ ಕೆಲಸ ಸಿಕ್ಕಿ ಅವಳ ಮನೆಗೆ ಬಂದಿದ್ದಾನಂತೆ, ಎರಡು ರಸ್ತೆ ಆಚೆಗೇ. ಊಟಕ್ಕೆ ಬಾರೋ ಅಂದೆ, ಸುಮ್ಮನೆ ಬಾಯಿಮಾತಿಗೆ ಅಂದೆ, ಬರುವುದಿಲ್ಲ ಅನ್ನುತ್ತಾನೆ ಎಂದುಕೊಂಡು ಅಂದೆ, ಅವನು ಗೋಡೆ ಹಿಡಿದು ನಿಂತು, ಬರ್ತೀನಿ ಕಣೋ, ಆದ್ರೆ ಆವತ್ತಿನ ಉಂಡೆನೇ ಮಾಡ್ಬೇಕು ಅಂದ. ಜಾತಿ ಆವತ್ತೇ ಹೋಯ್ತು, ಹಲ್ಲು ಈಗ ಹೋಯ್ತು, ಇನ್ನು ಯಾರಿಗೆ ಹೆದರ್ಕೊಂಡು ಕೂರ್ಲಿ, ಆ ರುಚಿ ನಾಲಿಗೆ ಬಿಟ್ಟು ಹೋಗ್ಲೇ ಇಲ್ಲ ಮಾರಾಯ, ನೀನು ಮೋಸದಿಂದ ತಿನ್ಸಿದ್ದು ತಪ್ಪೇ, ಆದ್ರೆ ತಿಂದಿದ್ದಂತೂ ನಾನೇ ತಾನೆ, ಅಮ್ಮ ನನ್ನ ಕೈಯಲ್ಲಿ ಉಣ್ಣೋದು ಬಿಟ್ಟಿದ್ರಲ್ಲಿ ತಪ್ಪಿಲ್ಲ, ಅವಳ ಲೆಕ್ಕಕ್ಕೆ ಅವಳು ಸರಿಯಾಗೇ ಇದ್ಳು, ಹಾಗಂದ್ಕೊಂಡ ಮೇಲೇನೇ ನನಗೆ ನಿದ್ದೆ ಬಂದಿದ್ದು ಅಂದ, ಆಟೋ ಹತ್ತಿದ. ಹಾಗಂದುಕೊಂಡ ಮೇಲೆ ನಿದ್ದೆ ಬಂತು. ಅವನ ನಿದ್ದೆ ಆ ಒಂದು ಮಾತಿನ ಮೇಲೆ ನಿಂತಿದೆ. ಅದು ಸುಳ್ಳು. ಅವನು ಆವತ್ತು ಕುರಿ ತಿಂದಿರಲಿಲ್ಲ. ಬಾಳೆಕಾಯಿ ತಿಂದಿದ್ದ.

ಬೆಣ್ಣೆ ಇನ್ನಷ್ಟು ಬೇಕು, ಡಾಕ್ಟರು ಬೇಡ ಅಂದಿರುವುದು ನನಗೆ, ಮೂರ್ತಿಗಲ್ಲ. ನಾವು ಕ್ವಾರ್ಟರ್ಸಿನಲ್ಲಿ ಇದ್ದಾಗಿನ ಮಾತು, ಭದ್ರಾವತಿಯಲ್ಲಿ, ಅವನು ಹಾಜರಿ ಬರೆಯುವ ಟೈಮ್ ಆಫೀಸಿನಲ್ಲಿ ಗುಮಾಸ್ತ, ನಾನು ಕ್ಯಾಂಟೀನಿನಲ್ಲಿ ಅಡುಗೆಯವನು — ಮುಖ್ಯ ಅಡುಗೆಯವನು, ಸರಿ, ಮೂವರಲ್ಲಿ ಒಬ್ಬ — ಅವನ ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಳು, ಭಾನುವಾರ ನಮ್ಮ ಮನೆಗೆ ಬಂದು ಕೂರುತ್ತಿದ್ದ, ಶ್ರೀನಿವಾಸಮೂರ್ತಿ, ಜನಿವಾರದ ಮೇಲೆ ಬನಿಯನ್ನು, ನಮ್ಮ ಒಲೆಯ ವಾಸನೆಗೆ ಮೂಗು ಮುಚ್ಚಿಕೊಳ್ಳದೆ ನಮ್ಮ ಮನೆಯೊಳಕ್ಕೆ ಬಂದ ಮೊದಲ ಬ್ರಾಹ್ಮಣ, ಒಂದು ದಿನ ಜಲಜಳಿಗೆ, ಅಕ್ಕಾ, ಕೈಮಾ ಉಂಡೆ ಕೈಮಾ ಉಂಡೆ ಅಂತ ಶಿಫ್ಟಲ್ಲಿ ಎಲ್ರೂ ಬಡ್ಕೋತಾರೆ, ಅದು ಹೇಗಿರತ್ತೆ ಅಂತ ನನಗೂ ಗೊತ್ತಾಗ್ಬೇಕು, ತರಕಾರೀಲಿ ಅದೇ ಥರ ಮಾಡಿಕೊಡೋಕಾಗತ್ತಾ ಅಂದ. ಅವಳು ಎಂಟು ದಿನ ಯೋಚಿಸಿದಳು. ಹೊಸ ಪಾತ್ರೆ ತಂದಳು, ಅದನ್ನು ಹುಣಸೆಹಣ್ಣು ಹಾಕಿ ಉಜ್ಜಿದಳು, ಹೊಸ ಸೌಟು, ಅವತ್ತು ಮನೆಯಲ್ಲಿ ಬೇರೇನನ್ನೂ ಒಳಕ್ಕೆ ಬಿಡಲಿಲ್ಲ, ಮೊಟ್ಟೆ ಕೂಡ, ನಂಬಿ ಬಂದಿದಾರೆ ರೀ ಅಂದಳು, ಸ್ನಾನ ಮಾಡಿ ಬಂದು ಬಾಳೆಕಾಯಿ ತುರಿದಳು. ಮೂರ್ತಿ ನಲವತ್ತು ಉಂಡೆ ತಿಂದ. ಏಳು. ಏಳು ತಿಂದ, ಸಾರನ್ನು ಬೆರಳಲ್ಲಿ ಬಳಿದು ನೆಕ್ಕಿದ, ಅಕ್ಕಾ, ಇದೇ ರುಚಿ ಆದ್ರೆ ಅವ್ರು ಬಡ್ಕೊಳ್ಳೋದು ನ್ಯಾಯವಾಗೇ ಇದೆ ಬಿಡಿ ಅಂದ. ಅಷ್ಟೇ ಆದದ್ದು. ಒಂದು ಭಾನುವಾರದ ಊಟ. ಅಲ್ಲಿಗೇ ಬಿಟ್ಟಿದ್ದರೆ, ಒಂದೇ ಒಂದು ಸಲ ನಾನು ನನ್ನ ಬಾಯನ್ನು ಅಲ್ಲಿಗೇ ಬಿಟ್ಟಿದ್ದರೆ.

ಸೋಮವಾರ ಕ್ಯಾಂಟೀನಿನಲ್ಲಿ ಊಟದ ಹೊತ್ತು, ತಟ್ಟೆಗಳ ಗದ್ದಲ, ಮೋಲ್ಡಿಂಗ್ ವಿಭಾಗದ ನಾಗಯ್ಯ ತಟ್ಟೆ ಹಿಡಿದುಕೊಂಡು ಕೌಂಟರಿನ ಮುಂದೆ, ಏನಪ್ಪಾ ಕೆಂಚಪ್ಪಾ, ನಿನ್ನೆ ಮೂರ್ತಿ ಸ್ವಾಮಿಗಳು ನಿಮ್ಮನೆಗೆ ಭಿಕ್ಷೆಗೆ ಬಂದಿದ್ರಂತೆ, ಏನ್ ಹಾಕ್ದೆ. ಬಾಳೆಕಾಯಿ ಅನ್ನಬಹುದಿತ್ತು. ಬಾಳೆಕಾಯಿ ಅಂದರೆ ಯಾರು ನಗುತ್ತಾರೆ? ಕುರಿ ಅಂದೆ. ಕುರಿ ಹಾಕ್ದೆ ಕಣೋ, ತರಕಾರಿ ಅಂತ ಹೇಳಿ ಕುರಿ ಹಾಕ್ದೆ, ನಲವತ್ತು ಉಂಡೆ ನುಂಗಿ ತಟ್ಟೆನೂ ನೆಕ್ಕಿ ಹೋದ ಅಂದೆ, ಎಂಥ ನಗು ಎದ್ದಿತು ಅಂದರೆ ಮೇಲಿನ ಶೀಟುಗಳು ಹಾರಿ ಭದ್ರಾ ಹೊಳೆಗೆ ಬೀಳಬೇಕು, ಆರುನೂರು ಜನ ನಕ್ಕರು, ಇಲ್ಲ, ಎರಡು ಟೇಬಲ್ಲಿನವರು, ಹನ್ನೆರಡು ಜನ, ಆದರೆ ಆ ನಗು ನನ್ನ ಮೈಗೆಲ್ಲ ಎಣ್ಣೆ ತಿಕ್ಕಿದ ಹಾಗೆ ಹತ್ತಿತು. ಆಗಲೇ ಮೂರ್ತಿ ಬಂದ. ಕೈಯಲ್ಲಿ ಅವನ ಸ್ಟೀಲ್ ಡಬ್ಬಿ. ಯಾರೋ ಹೇಳಿದರು, ಅವನ ಮುಖ ಬಿಳಿಚಿಕೊಂಡಿತು, ನೇರ ನನ್ನ ಹತ್ತಿರ ಬಂದು, ಕೆಂಚಪ್ಪಾ, ಎಲ್ರ ಮುಂದೇನೇ ಹೇಳ್ಬಿಡೋ, ಬಾಳೆಕಾಯಿ ತಾನೆ ಅಂದ. ಹನ್ನೆರಡು ಜನ ತುತ್ತು ಎತ್ತಿದ ಕೈಯನ್ನು ಹಾಗೇ ಹಿಡಿದು ನನ್ನನ್ನೇ ನೋಡುತ್ತಿದ್ದರು. ಹೂಂ ಅಂದರೆ ಸಾಕಿತ್ತು. ಕಣ್ಣು ಹೊಡೆದೆ. ಎಡಗಣ್ಣು. ಮೂರ್ತಿಯೂ ನಕ್ಕ, ಎಲ್ಲರ ಜೊತೆ ತಾನೂ ನಗಬೇಕೇನೋ ಎಂದು ಸ್ವಲ್ಪ ನಕ್ಕ, ಡಬ್ಬಿ ತೆಗೆಯದೆ ಹೋದ. ಸಂಜೆ ಮನೆಗೆ ಬಂದು ಜಲಜಳಿಗೆ ಇದನ್ನೇ ಕುಣಿದು ಕುಣಿದು ಹೇಳಿದರೆ ಅವಳು ನಗಲಿಲ್ಲ, ಮೊರದಲ್ಲಿ ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿ, ಈಗ್ಲೇ ಹೋಗಿ ನಿಜ ಹೇಳಿ ಬನ್ನಿ ಅಂದಳು, ನಾಳೆ ಕಣೇ ಅಂದೆ, ಇವತ್ತು ಹೇಳಿದ್ರೆ ಮಜಾ ಹೋಗತ್ತೆ ಅಂದೆ. ನಾಳೆ ಆಗುವಷ್ಟರಲ್ಲಿ ನಾಗಯ್ಯ, ಮೂರ್ತಿ ತಾಯಿಯ ಜೊತೆ ಇದ್ದ ಹಳೇನಗರದ ಬೀದಿಗೆ ಸುದ್ದಿ ಮುಟ್ಟಿಸಿದ್ದ.

ಆ ಮುದುಕಿ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲವಂತೆ. ಮಡಿ ಹೆಂಗಸು, ಒಬ್ಬನೇ ಮಗ, ತನ್ನ ಸೀಮೆಎಣ್ಣೆ ಸ್ಟೌ ಎತ್ತಿಕೊಂಡು ಹೋಗಿ ಹಿತ್ತಿಲ ಜಗುಲಿಯಲ್ಲಿ ಇಟ್ಟುಕೊಂಡಳಂತೆ, ಇನ್ನು ಮೇಲೆ ನನ್ನ ಗಂಜಿ ನಾನೇ ಬೇಯಿಸಿಕೊಳ್ಳುತ್ತೇನೆ ಅಂದಳಂತೆ, ಮೂರ್ತಿ ಪಂಚಗವ್ಯ ಕುಡಿದ, ಜನಿವಾರ ಬದಲಾಯಿಸಿದ, ಅಮ್ಮಾ ಅದು ತಮಾಷೆಗೆ ಹೇಳಿರಬೇಕು ಅಂದ, ಅವನಿಗೇ ಖಾತ್ರಿಯಿರಲಿಲ್ಲ, ನನ್ನ ಎಡಗಣ್ಣು ಅವನ ತಲೆಯಲ್ಲಿ ಕೂತಿತ್ತು. ಜಲಜ ಒಬ್ಬಳೇ ಹೋದಳು, ನನಗೆ ಹೇಳದೆ, ಆ ಮನೆಯ ಬಾಗಿಲಲ್ಲಿ ನಿಂತು, ಅಜ್ಜೀ, ಬಾಳೆಕಾಯಿ ತುರಿದಿದ್ದು ನಾನೇ, ನನ್ನ ಮಾತು ನಂಬಿ ಅಂದಳಂತೆ, ಒಳಗಿನಿಂದ ಮುದುಕಿ, ನೀನು ಒಳ್ಳೇವಳು ತಾಯಿ, ಆದ್ರೆ ನಿನ್ನ ಗಂಡನೇ ಊರಿಗೆಲ್ಲ ಹೇಳಿದಾನಲ್ಲ, ಗಂಡನ್ನ ಯಾವ ಹೆಂಗಸು ಬಿಟ್ಟುಕೊಡ್ತಾಳೆ ಅಂದಳಂತೆ. ಅವಳ ಸತ್ಯವನ್ನೂ ನನ್ನ ಸುಳ್ಳು ತಿಂದುಹಾಕಿತು. ಜಲಜ ಬಂದು ನನಗೆ ಇಷ್ಟನ್ನು ಹೇಳಿ, ಇನ್ನು ನೀವುಂಟು ನಿಮ್ಮ ಬಾಯುಂಟು ಅಂದಳು, ಆಮೇಲೆ ಈ ವಿಷಯ ಅವಳು ಎತ್ತಲೇ ಇಲ್ಲ, ಇವತ್ತಿನವರೆಗೂ, ಇವತ್ತು ಮಾರ್ಕೆಟ್ಟಿಗೆ ನಾನು ಹೊರಟಾಗ ಮಾತ್ರ ಚೀಲ ಕೊಡುತ್ತಾ, ಬಾಳೆಕಾಯಿ ಎಳೇದು ನೋಡಿ ತನ್ನಿ ಅಂದಳು. ಕೈಮಾ ತರುತ್ತೇನೆ ಎಂದು ಅವಳಿಗೆ ಹೇಳಿರಲಿಲ್ಲ.

ಕೈಮಾ ಯಾಕೆ ತಂದೆ? ಯೋಚನೆ ಮಾಡಿಯೇ ತಂದೆ. ಅವನು ಕುರಿ ತಿಂದೆ ಎಂದು ನಂಬಿದ್ದಾನೆ, ನಂಬಿ ನಿದ್ದೆ ಮಾಡುತ್ತಿದ್ದಾನೆ, ಇವತ್ತು ಕುರಿಯನ್ನೇ ಬಡಿಸಿಬಿಟ್ಟರೆ ಹಳೆಯ ಸುಳ್ಳು ಸುಳ್ಳಾಗಿ ಉಳಿಯುವುದಿಲ್ಲ, ಯಾರಿಗೂ ನಷ್ಟವಿಲ್ಲ, ಅವನೇ ಕೇಳಿದ್ದು, ನಾನು ಒತ್ತಾಯ ಮಾಡಿಲ್ಲ — ಬಾಳೆಕಾಯಿ ಬಡಿಸಿದರೆ? ಅವನ ನಾಲಿಗೆ ದಡ್ಡನದ್ದಲ್ಲ. ಅದೇ ರುಚಿ ಅಂದುಬಿಟ್ಟರೆ? ಆಗ ನಾನು ಹೇಳಬೇಕಾಗುತ್ತದೆ, ಮೂರ್ತಿ, ನಿನ್ನಮ್ಮ ನಿನ್ನ ಕೈ ಬಿಟ್ಟದ್ದು ಬಾಳೆಕಾಯಿಗೆ ಎಂದು. ಇದಕ್ಕಿಂತ ಕುರಿ ವಾಸಿ. ಕುರಿಯನ್ನೇ ಬಡಿಸುತ್ತೇನೆ, ಆಯಿತು, ಸಾವಿರದ ಒಂದನೆಯ ನಿರ್ಧಾರ, ಬಲಗಡೆಯ ಒಲೆ ಆರಿಸು — ಆದರೆ ಆ ಕೈ. ಆಸ್ಪತ್ರೆಯ ಆ ಕೈ, ಸೂಜಿ ಚುಚ್ಚಿ ಬಿಳಿ ಪ್ಲಾಸ್ಟರ್ ಅಂಟಿಸಿದ್ದ ಆ ಕೈ ಯಾಕೆ ಈಗ.

ಎರಡು ವರ್ಷ ಆಗಿತ್ತು ಆಗ. ಇದೇ ಶಿವಮೊಗ್ಗದ ಆಸ್ಪತ್ರೆಗೆ ಮೂರ್ತಿಯ ತಾಯಿಯನ್ನು ತಂದಿದ್ದರು, ಈ ಸಲ ಹೇಳಿಯೇ ಬಿಡುತ್ತೇನೆ ಎಂದು ಭದ್ರಾವತಿಯಿಂದ ಬಸ್ಸು ಹತ್ತಿದೆ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ, ಅಮ್ಮಾ ಅದು ಬಾಳೆಕಾಯಿ, ಅಮ್ಮಾ ಅದು ಬಾಳೆಕಾಯಿ, ಮೂರೇ ಮಾತು, ಒಂದು ಬುಟ್ಟಿ ಕಿತ್ತಳೆ ಕೊಂಡೆ, ನಾಲ್ಕು ಹಣ್ಣು. ವಾರ್ಡಿನ ಬಾಗಿಲಲ್ಲಿ ನಿಂತಾಗ ಮೂರ್ತಿಯ ಬೆನ್ನು ಕಂಡಿತು, ಬಗ್ಗಿ ಚಮಚದಲ್ಲಿ ಗಂಜಿ ಹಿಡಿದಿದ್ದಾನೆ, ಅಮ್ಮಾ ಒಂದು ಚಮಚ, ಸೊಸೆ ಬರೋದು ಸಂಜೆ ಆಗತ್ತೆ, ಒಂದೇ ಒಂದು ಚಮಚ ಅಂತ ಮಗುವಿಗೆ ಹೇಳಿದ ಹಾಗೆ ಹೇಳುತ್ತಿದ್ದಾನೆ, ಅವಳು ಕೈ ಎತ್ತಿ ಬಾಯಿಗೆ ಅಡ್ಡ ಹಿಡಿದಳು. ನರ ಎದ್ದ ಸಣ್ಣ ಕೈ, ಪ್ಲಾಸ್ಟರಿನ ಕೆಳಗಿನಿಂದ ನಳಿಕೆ ಎಳೆದುಕೊಂಡು ಬಂತು, ಮೇಲೆ ತೂಗಿದ್ದ ಬಾಟಲಿ ಅಲ್ಲಾಡಿತು. ಬೆಳಿಗ್ಗೆ ನರ್ಸಮ್ಮನ ಕೈಯಲ್ಲಿ ನೀರು ಕುಡಿದಿದ್ದಳಂತೆ, ಯಾವ ಜಾತಿಯೋ ಏನೋ ಆ ಹುಡುಗಿ, ಕೇಳಲಿಲ್ಲವಂತೆ. ಮಗನ ಕೈಯದು ಮಾತ್ರ ಬೇಡ. ಮೂರ್ತಿ ತಿರುಗಿ, ಅಮ್ಮಾ, ಕೆಂಚಪ್ಪ ಬಂದಿದಾನೆ ನೋಡು ಅಂದ, ಆ ಕೈಯ ಮೇಲಿನಿಂದ ಎರಡು ಕಣ್ಣು ನನ್ನ ಕಡೆ ಬಂದವು, ಸಿಟ್ಟಿರಲಿಲ್ಲ ಅವುಗಳಲ್ಲಿ, ಕೇಳುತ್ತಿದ್ದವು, ನಾನೇನೋ ಹೇಳುತ್ತೇನೆ ಎಂದು ಕಾಯುತ್ತಿದ್ದವು, ದೇವರಾಣೆಗೂ ಕಾಯುತ್ತಿದ್ದವು, ಇದರಲ್ಲಿ ಮಾತ್ರ ನಾನು ಒಂದು ಕಾಳೂ ಸೇರಿಸಿಲ್ಲ. ಪಕ್ಕದ ಮಂಚದವರು ನನ್ನನ್ನು ನೋಡುತ್ತಿದ್ದರು. ನಾನು ಏನಂದೆ? ಏನಮ್ಮಾ, ಕಲ್ಲಿನ ಹಾಗೆ ಇದೀರ, ಇನ್ನೂ ನೂರು ವರ್ಷ ಗ್ಯಾರಂಟಿ ಅಂದೆ. ನಕ್ಕೆ ಬೇರೆ. ಕಣ್ಣು ಮುಚ್ಚಿಕೊಂಡಳು. ಚಮಚದ ಗಂಜಿ ದುಪ್ಪಟಿಯ ಮೇಲೆ ತೊಟ್ಟಿಕ್ಕಿತು. ನಾಲ್ಕನೆಯ ದಿನ ಹೋದಳು.

ಬಾಗಿಲ ಗಂಟೆ ಹೊಡೆದುಕೊಂಡಿತು, ಏಳು ಹತ್ತಕ್ಕೇ, ಇವನು ಟೈಮ್ ಆಫೀಸಿನವನು, ಮುಂಚೆಯೇ ಬರುತ್ತಾನೆ, ಜಲಜ ಬಾಗಿಲು ತೆಗೆದಳು, ಬನ್ನಿ ಮೂರ್ತಿಯವ್ರೇ, ಬನ್ನಿ, ಎಷ್ಟು ಸಣ್ಣಗಾಗಿದೀರಿ, ಸಣ್ಣಗಾಗ್ದೆ ಏನ್ಮಾಡ್ಲಿ ಅಕ್ಕಾ, ಮಗಳು ರಾಗಿ ಅಂಬಲಿ ಕುಡ್ಸಿ ಕುಡ್ಸಿ ಕರು ಮಾಡ್ಬಿಟ್ಟಿದಾಳೆ ಅಂತಾನೆ, ಅಕ್ಕಾ ಅಂದ, ಈಗಲೂ ಅಕ್ಕಾ, ಎಲ್ಲಿ ನಮ್ಮ ಬುರುಡೆ ಭಟ್ಟ, ಒಳಗೇ ಅಡಗಿದಾನಾ. ಬಂದೆ ಕಣೋ, ಕೂತ್ಕೋ, ತಟ್ಟೆ ಹಾಕ್ತೀನಿ, ಸ್ಟಾರ್ ಹೋಟೆಲಿನವರು ರೆಸಿಪಿ ಕೇಳೋಕೆ ಫೋನ್ ಮಾಡಿದ್ರು, ಬಿಡಿಸಿಕೊಂಡು ಬರ್ತೀನಿ ಅಂದೆ. ತಟ್ಟೆಯ ನಡುವೆ ಆಲೂಗಡ್ಡೆ ಗುಡ್ಡೆ ಹಾಕಿ, ಸೌಟಿನ ಬೆನ್ನಿಂದ ಒಂದು ಗುಂಡಿ ಮಾಡಿ, ಸಾರು ನಿಲ್ಲುವ ಹಾಗೆ. ಈಗ ಉಂಡೆ. ಕೈ ಎಡಗಡೆಗೆ ಹೋಯಿತು. ಮೂರು ಕುರಿ ಉಂಡೆ ಸೌಟಿಗೆ ಬಂದವು, ಹಬೆ ಆಡುತ್ತಾ. ಅಡುಗೆಮನೆಯ ಬಾಗಿಲಲ್ಲಿ ಜಲಜ ನಿಂತಿದ್ದಾಳೆ, ಎರಡೂ ಪಾತ್ರೆ ನೋಡಿದಳು, ಸೌಟು ನೋಡಿದಳು, ಬೆಳಿಗ್ಗೆಯಿಂದ ಎರಡು ಪಾತ್ರೆ ಎಂದು ಗೊತ್ತಿದ್ದವಳೇ ಅವಳು, ಉಪ್ಪು ಕೇಳಿದಾಗಲೇ ಗೊತ್ತಿತ್ತು, ಮೆಲ್ಲಗೆ, ಅವತ್ತು ಮಾತಲ್ಲಿ ತಿನ್ನಿಸಿದ್ರಿ, ಇವತ್ತು ಕೈಯಾರೆ ತಿನ್ನಿಸ್ಬೇಡಿ ರೀ ಅಂದಳು. ಅಷ್ಟೇ. ಸೌಟು ಮತ್ತೆ ಎಡದ ಪಾತ್ರೆಯೊಳಗೇ ಮುಳುಗಿತು, ಅಲ್ಲೇ ಬಿಟ್ಟೆ, ಇನ್ನೊಂದು ಸೌಟು ತೆಗೆದುಕೊಂಡೆ.

ಮೂರ್ತಿ ಉಂಡೆಯನ್ನು ಬೆರಳಲ್ಲಿ ಮುರಿದು ಆಲೂಗಡ್ಡೆಯೊಳಗೆ ಕಲಸಿ, ಕಣ್ಣು ಮುಚ್ಚಿ, ಬಾಯಿಗಿಟ್ಟುಕೊಂಡ. ಒಸಡಿನಿಂದ ಅಗಿಯುತ್ತಾನೆ, ಕೆನ್ನೆ ಒಳಕ್ಕೆ ಹೊರಕ್ಕೆ, ನಾನು ನಿಂತೇ ಇದ್ದೇನೆ. ಅದೇ, ಅಂದ. ಅದೇ ಕಣೋ. ಎಳೆ ಎಳೆ ಸಿಗ್ತಾ ಇದೆ. ಇದನ್ನ ನೆನೆಸ್ಕೊಂಡು ಎಷ್ಟು ಸಲ ನನ್ನನ್ನ ನಾನೇ ಬೈಕೊಂಡಿದೀನಿ ಗೊತ್ತಾ, ಛೇ, ಅಮ್ಮನ್ನ ಕೊಂದ ರುಚಿ ಇನ್ನೂ ಚಂದ ಅನ್ಸತ್ತಲ್ಲ ಅಂತ, ಎಂಥ ಪಾಪಿ ನಾಲಿಗೆ ಮಾರಾಯ ಇದು, ಹಾಕು ಇನ್ನೆರಡು, ಅಂದು ನಕ್ಕ. ನಾನು ಬಾಯಿ ತೆರೆದೆ. ಮೂರ್ತೀ, ಇದು ಬಾಳೆಕಾಯಿ ಅಂದೆ. ಹೂಂ, ಆಮೇಲೆ ಮಾವಿನಹಣ್ಣು ಅನ್ತೀಯಾ, ಬಿಡೋ, ನಿನ್ನ ಬುರುಡೆ ನನಗೆ ಗೊತ್ತಿಲ್ವಾ, ಹೆದರ್ಕೋಬೇಡ, ತಿಂತೀನಿ, ಈಗ ಬೈಯೋರು ಯಾರೂ ಇಲ್ಲ, ಹಾಕು ಅಂದ. ನಿಜವಾಗ್ಲೂ ಕಣೋ ಅಂದೆ, ನಗಲಿಲ್ಲ, ಕಣ್ಣು ಹೊಡೆಯಲಿಲ್ಲ, ನನ್ನ ಮುಖ ಹೇಗಿತ್ತೋ, ಆದರೂ ಅವನು ನಗುತ್ತಲೇ ತಟ್ಟೆ ಮುಂದೆ ಒಡ್ಡಿದ, ನಾನು ಬಗ್ಗಿ ಬಡಿಸಿದೆ, ಬಡಿಸುವಾಗ ಅವನ ನಗು ನಿಂತಿತು. ನನ್ನ ಮಣಿಕಟ್ಟು ಹಿಡಿದ. ದೀಪದ ಕಡೆ ತಿರುಗಿಸಿದ. ನನ್ನ ಹೆಬ್ಬೆರಳು, ತೋರುಬೆರಳು, ಉಗುರಿನ ಸಂದಿ, ಎಲ್ಲ ಕಪ್ಪು ಕಪ್ಪು, ಎಷ್ಟು ತೊಳೆದರೂ ಹೋಗದ ಕಪ್ಪು. ಬಾಳೆಕಾಯಿ ಕಲೆ, ಅಂದ, ತನಗೆ ತಾನೇ ಅಂದುಕೊಂಡ ಹಾಗೆ. ಕೈಗೆ ಎಣ್ಣೆ ಹಚ್ಕೊಳ್ದೆ ಹೆಚ್ಚಿದೀಯ. ನಮ್ಮಮ್ಮ ಯಾವಾಗ್ಲೂ ಎಣ್ಣೆ ಹಚ್ಕೊಂಡೇ ಹೆಚ್ಚೋಳು. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಒಮ್ಮೆ ರುಚಿ ನೋಡಿದ, ಇನ್ನೊಮ್ಮೆ ನೋಡಿದ, ಜಲಜಳ ಕಡೆ ನೋಡಿದ, ಅವಳು ಸೆರಗಿನಲ್ಲಿ ಬಾಯಿ ಒತ್ತಿಕೊಂಡಿದ್ದಳು, ಮತ್ತೆ ನನ್ನ ಕಡೆ ತಿರುಗಿ, ಮಣಿಕಟ್ಟು ಬಿಡದೆ,

ಆವತ್ತೂ?

ಎಲ್ಲಕ್ಕೂ ನೂರು ಉತ್ತರ ಇದ್ದವನು ನಾನು, ಒಂದಕ್ಕೆ ಹತ್ತು ಸೇರಿಸಿ ಹೇಳುವವನು, ಕತ್ತನ್ನಷ್ಟೇ ಆಡಿಸಿದೆ, ಹೌದು ಎಂದು, ಅವನ ಹಿಡಿತ ಸಡಿಲಾಯಿತು, ಒಂದೊಂದೇ ಬೆರಳು, ಅವನು ಬೈಯುವುದಿಲ್ಲ, ಏಳುವುದೂ ಇಲ್ಲ, ತಟ್ಟೆಯಲ್ಲಿ ಸಾರು ಆಲೂಗಡ್ಡೆಯ ಅಂಚು ಒಡೆದು ಹರಿಯುತ್ತಿದೆ, ಅವನು ಅದನ್ನು ನೋಡುತ್ತಿಲ್ಲ, ಎಲ್ಲಿ ನೋಡುತ್ತಿದ್ದಾನೆ ಎಂದು ನನಗೆ ಗೊತ್ತು, ನಾನೂ ಅಲ್ಲೇ ನೋಡುತ್ತಿದ್ದೇನೆ, ವಾರ್ಡಿನ ಬಾಗಿಲಲ್ಲಿ ನಿಂತಿದ್ದೇನೆ, ಕೈಯಲ್ಲಿ ನಾಲ್ಕು ಕಿತ್ತಳೆ, ಅವನು ಬಗ್ಗಿದ್ದಾನೆ, ಚಮಚ ತುಂಬಿದೆ, ಒಂದೇ ಒಂದು ಅಮ್ಮಾ ಅನ್ನುತ್ತಿದ್ದಾನೆ, ಪ್ಲಾಸ್ಟರ್ ಅಂಟಿಸಿದ ಆ ಕೈ ಬಾಯಿಗೆ ಅಡ್ಡ, ಮೇಲೆ ಎರಡು ಕಣ್ಣು ನನ್ನ ಕಡೆ, ಹೇಳು ಅನ್ನುತ್ತಿವೆ, ಕೈ ಇಳಿಯುವುದಿಲ್ಲ, ಆ ಕೈ ಇಳಿಯುವುದಿಲ್ಲ, ಆ ಕೈ